ಆರು ಸ್ಕ್ರೂ

ರುಕಿಯಾ ಗುಂಡಿಯನ್ನು ಎಡದಿಂದ ಬಲಕ್ಕೆ ಮೆಲ್ಲನೆ ತಿರುಗಿಸಿದಳು. ಕೆಂಪು ಮುಳ್ಳು ಅಂಕೆಗಳನ್ನೆಲ್ಲ ಒಂದೊಂದಾಗಿ ದಾಟಿ ಬಲದ ತುದಿಗೆ ಹೋಗಿ ನಿಂತಿತು. ರೇಡಿಯೋ ಮಾತಾಡಲಿಲ್ಲ. ಕಾದ ಕಾವಲಿಗೆ ನೀರು ಚಿಮುಕಿಸಿದಂಥ ಒಂದು ಸದ್ದು ಬಂತು, ಅಷ್ಟೆ. ಅವಳು ಬಲದಿಂದ ಎಡಕ್ಕೆ ತಿರುಗಿಸಿದಳು. ಮತ್ತೂ ಅದೇ ಸದ್ದು.

ಶೆಡ್ಡಿನ ಇನ್ನೊಂದು ಮಗ್ಗುಲಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಕಾರ್ಬೊರೇಟರನ್ನು ಪೇಪರಿನ ಮೇಲೆ ಬಿಚ್ಚಿ ಹರಡಿಕೊಂಡು ಕೂತಿದ್ದ ಡೊಂಬಯ್ಯ ಗೌಡರು ತಲೆಯೆತ್ತಲಿಲ್ಲ. ಅವರ ಹೊಟ್ಟೆಯೊಳಗೆ ಒಂದು ಒಳ್ಳೆಯ ಸುದ್ದಿ ಎರಡು ದಿನದಿಂದ ಕೂತಿತ್ತು. ಹೇಳಲು ಸಮಯ ನೋಡುತ್ತಿದ್ದರು. ಹೇಳುವುದೂ ನಾಜೂಕಿನ ವಿಷಯವೇ. ಹುಡುಗಿಯ ಕೆಲಸದಲ್ಲಿ ಕೊರತೆ ಹುಡುಕಿದ ಹಾಗೆ ಕಾಣಬಾರದಲ್ಲ.

ಡೊಂಬಯ್ಯ ಗೌಡರು ಸುಳ್ಯದ ಕಡೆಯವರು. ಬಸ್ ಡಿಪೋದಲ್ಲಿ ಮೂವತ್ತಮೂರು ವರ್ಷ ಮೆಕ್ಯಾನಿಕ್ ಆಗಿದ್ದು, ನಿವೃತ್ತಿಯಾದ ಮೇಲೆ ಕಬಕದ ಮನೆಯ ಪಕ್ಕದಲ್ಲೇ ಶೀಟಿನ ಶೆಡ್ಡು ಎಬ್ಬಿಸಿ ಸ್ಪ್ರೇ ಪಂಪು, ಹುಲ್ಲಿನ ಯಂತ್ರ ಅಂತ ಏನೇನೋ ರಿಪೇರಿ ಮಾಡಿಕೊಂಡಿದ್ದರು. ಡಿಪೋದಿಂದ ಅವರು ಎರಡು ಅಭ್ಯಾಸಗಳನ್ನು ಮನೆಗೆ ತಂದಿದ್ದರು. ಒಂದು, ಗೋಡೆಗೆ ಹೊಡೆದ ಹಲಗೆ. ಅದರ ಮೇಲೆ ಪ್ರತಿಯೊಂದು ಸ್ಪ್ಯಾನರಿಗೂ ಸುತ್ತಿಗೆಗೂ ಒಂದೊಂದು ಮೊಳೆ, ಸುತ್ತ ಅದರದ್ದೇ ಆಕಾರದ ಬಿಳಿ ಗೆರೆ. ಸಂಜೆ ಬಾಗಿಲು ಹಾಕುವಾಗ ಯಾವುದಾದರೊಂದು ಗೆರೆ ಖಾಲಿ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಇನ್ನೊಂದು, ಸಡಿಲ ಇದ್ದದ್ದನ್ನು ಕಂಡರೆ ಬಿಗಿ ಮಾಡದೆ ಬಿಡಲಾರದ ಕೈ. ನೆಂಟರ ಮನೆಗೆ ಹೋದರೆ ಕಾಫಿ ಬರುವುದರೊಳಗೆ ಅವರ ಬಾಗಿಲಿನ ಚಿಲಕ ಸರಿಯಾಗಿರುತ್ತಿತ್ತು. "ನಿಮ್ಮನ್ನು ಕರ್ಕೊಂಡು ಹೋಗುದು ಅಂದ್ರೆ ಒಂದು ಸ್ಕ್ರೂಡ್ರೈವರ್‌ಗೆ ಪಂಚೆ ಉಡಿಸಿ ಕರ್ಕೊಂಡು ಹೋದ ಹಾಗೆ" ಎಂದು ಹೆಂಡತಿ ಶೀಲಾವತಿಯ ತಂಗಿ ನಗಾಡಿದ್ದಳು. ಹಾಗೆಂದರೆ ಏನರ್ಥ ಎಂದು ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ರುಕಿಯಾ ಪಕ್ಕದ ಮನೆಯ ಆಸ್ಯಮ್ಮನ ಕಿರಿಯ ಮಗಳು. ಎಲೆಕ್ಟ್ರಾನಿಕ್ಸ್ ಇಟ್ಟುಕೊಂಡು ಬಿ.ಎಸ್ಸಿ. ಮಾಡಿದವಳು. ಮನೆಯಲ್ಲಿ ಅಣ್ಣನ ಮೂವರು ಪುಟ್ಟ ಮಕ್ಕಳು ಓಡಾಡುವಲ್ಲಿ ಸೋಲ್ಡರಿಂಗ್ ಕಡ್ಡಿ ಕಾಯಿಸುವುದು ಹೇಗೆ? ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಆಸ್ಯಮ್ಮ ಅವಳನ್ನು ಕರೆದುಕೊಂಡು ಬಂದು, "ಡೊಂಬಯ್ಯಣ್ಣ, ಇವಳಿಗೆ ಒಂದು ಮೇಜು ಹಿಡಿಯುವಷ್ಟು ಜಾಗ ಕೊಡ್ತೀರಾ?" ಎಂದು ಕೇಳಿದ್ದಳು. ಮಗಳು ಅಷ್ಟೂ ಹೊತ್ತು ನೆಲದ ಸಿಮೆಂಟಿನ ಬಿರುಕನ್ನು ನೋಡುತ್ತಿದ್ದಳು. ಅಂದಿನಿಂದ ಅವಳು ದಿನಾ ಒಂಬತ್ತಕ್ಕೆ ಬರುವುದು, ಊಟಕ್ಕೆ ಹೋಗುವುದು, ಐದಕ್ಕೆ ಮೇಜು ಒರೆಸಿ ಏಳುವುದು. ಇಬ್ಬರ ನಡುವೆ ದಿನಕ್ಕೆ ಹತ್ತು ಮಾತು ನಡೆದರೆ ಹೆಚ್ಚು. ಡೊಂಬಯ್ಯನವರಿಗೆ ಅದೇ ಹಿತವಾಗಿತ್ತು. ಮೂವತ್ತಮೂರು ವರ್ಷದ ಡಿಪೋದ ಗಲಾಟೆ ಅವರ ಕಿವಿಯಿಂದ ಇಳಿಯಲು ಇಂಥ ಒಬ್ಬಳು ಬೇಕಿತ್ತೋ ಏನೋ.

ಮೇಜಿನ ಮೇಲಿದ್ದ ರೇಡಿಯೋ ಉಪ್ಪಿನಂಗಡಿಯ ರಾಧಾಕೃಷ್ಣ ರಾಯರದ್ದು. ಅವರ ಅಪ್ಪನ ಕಾಲದಲ್ಲಿ ಹೋಟೆಲಿನ ಗಲ್ಲಾದ ಮೇಲಿನ ಹಲಗೆಯಲ್ಲಿ ಇದ್ದದ್ದಂತೆ. ಹೊಳೆಯಲ್ಲಿ ನೆರೆ ಬಂದ ಒಂದು ವರ್ಷ ನೀರು ಹೊಸ್ತಿಲು ದಾಟಿದಾಗ ಅಟ್ಟಕ್ಕೆ ಹೋದದ್ದು, ಮತ್ತೆ ಇಳಿಯಲೇ ಇಲ್ಲ. ಅಟ್ಟದಲ್ಲಿ ಒರಲೆ ಹುಳು ಪೆಟ್ಟಿಗೆಯ ಒಂದು ಮೂಲೆ ತಿಂದಿತ್ತು, ಇಲಿ ವಯರು ತಿಂದಿತ್ತು. ರುಕಿಯಾ ಮೂರು ತಿಂಗಳು ಕೂತು ಒಂದೊಂದೇ ಬದಲಿಸಿದಳು. ಬೆರಳುದ್ದದ ಗಾಜಿನ ವಾಲ್ವುಗಳು ಐದು ಇದ್ದವು. ಅವುಗಳಲ್ಲಿ ಮೊದಲ ಸಲ ಕೆಂಡದ ಬಣ್ಣ ಕಂಡ ದಿನ ಶೀಲಾವತಿ ದೋಸೆಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿದ್ದಳು. ಕಳೆದ ಸೋಮವಾರ ಅದು ಮಾತೂ ಆಡಿತ್ತು. ಮಂಗಳೂರು ಆಕಾಶವಾಣಿ ಎದುರು ಕೂತು ಹೇಳಿದಷ್ಟು ಸ್ಪಷ್ಟ. ಮರದ ಪೆಟ್ಟಿಗೆಯ ಪಾಲಿಶ್ ಆರಿದ ಮೇಲೆ ಒಳಗೆ ಕೂರಿಸಿ, ಆದಿತ್ಯವಾರ ರಾಯರು ಬಂದಾಗ ಕೊಡುವುದು ಎಂದು ಲೆಕ್ಕ.

ನಡುವೆ ಬುಧವಾರ ಆಯುಧ ಪೂಜೆ ಬಂತು.

ಪೂಜೆಗೆ ಕೂರಿಸುವ ಮುಂಚೆ ಗಾಡಿಯಲ್ಲಿ ಒಂದು ನಟ್ಟೂ ಸಡಿಲ ಇರಬಾರದು ಎನ್ನುವುದು ಡಿಪೋದ ವಾಡಿಕೆ. ಡೊಂಬಯ್ಯನವರು ಅದನ್ನು ಮನೆಯಲ್ಲೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಗ್ರೈಂಡರಿನಿಂದ ಸುರು ಮಾಡಿ, ಹೊಲಿಗೆ ಯಂತ್ರ, ಗೇಟಿನ ತಿರುಗಣೆ, ಕಡೆಗೆ ಶೀಲಾವತಿಯ ಕನ್ನಡಕದ ಕಡ್ಡಿಯವರೆಗೆ ಬಿಗಿ ಮಾಡಿಕೊಂಡು ಬಂದು ಶೆಡ್ಡು ಹೊಕ್ಕರು. ರುಕಿಯಾಳಿಗೆ ಎರಡು ದಿನ ರಜೆ. ರೇಡಿಯೋದ ಒಳಗಿನ ತಗಡಿನ ಗೂಡು ಮೇಜಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಅವಳ ಮೇಜು ಅವಳದ್ದು ಅಂತ ಕುಂಕುಮ ಹಚ್ಚಲಿಲ್ಲ, ಒಂದು ಗೊಂಡೆ ಹೂವು ಮಾತ್ರ ಬದಿಯಲ್ಲಿಟ್ಟರು. ಇಡುವಾಗ ಕಣ್ಣಿಗೆ ಬಿತ್ತು. ಎರಡು ಬೆಳ್ಳಿ ಬಣ್ಣದ ಡಬ್ಬಿಗಳ ಮೇಲೊಂದು ಕೆಳಗೊಂದು ಸ್ಕ್ರೂ, ಆಚೆ ಬದಿಯಲ್ಲಿ ಸಣ್ಣವು ಎರಡು. ಒಂದೂ ಪೂರ್ತಿ ಕೂತಿರಲಿಲ್ಲ.

"ಪಾಪ, ಮರೆತಿದ್ದಾಳೆ" ಅಂದುಕೊಂಡರು. ಹಲಗೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು.

ಆ ಸುದ್ದಿಯನ್ನೇ ಅವರು ಈಗ ಹೊಟ್ಟೆಯಲ್ಲಿಟ್ಟುಕೊಂಡು ಕೂತದ್ದು. 'ನಿನ್ನ ಸ್ಕ್ರೂ ಎಲ್ಲ ಸಡಿಲ ಇತ್ತು ಮಗಾ, ನಾನೊಮ್ಮೆ ನೋಡಿಕೊಂಡೆ' ಎಂದು ಲಘುವಾಗಿ ಹೇಳಿಬಿಡುವುದು. ಅವಳಿಗೆ ನಾಚಿಕೆಯಾಗದ ಹಾಗೆ.

ರುಕಿಯಾ ಮುಳ್ಳಿನ ಮೀಟರು ತೆಗೆದುಕೊಂಡು ಒಳಗಿನ ಒಂದೊಂದು ಜಾಗದಲ್ಲೂ ಅದರ ತಂತಿ ಮುಟ್ಟಿಸಿ ನೋಡಿದಳು. ಕೆಲಸ ಮಾಡುವಾಗ ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಳ್ಳುವುದು ಅವಳ ಕ್ರಮ. ದೊಡ್ಡವರ ಎದುರು ಸಂಕೋಚ ಎಂದು ಡೊಂಬಯ್ಯನವರು ಮೊದಲ ದಿನದಿಂದ ತಿಳಿದಿದ್ದರು. ಅವಳು ಓದಿದ ಅಂಕೆಗಳನ್ನು ನೋಟ್‌ಬುಕ್ಕಿನ ಹಳೆಯ ಅಂಕೆಗಳೊಂದಿಗೆ ತಾಳೆ ನೋಡಿದಳು. ಎಲ್ಲ ಸರಿಯಿತ್ತು. ಆಮೇಲೆ ಅಡಿಕೆ ಮರದ ಸಲಾಕೆಯಿಂದ ತಾನೇ ಕೆತ್ತಿ ಮಾಡಿದ ಕಡ್ಡಿಯನ್ನು ಡಬ್ಬಿಯೊಳಗೆ ಇಳಿಸಿದಳು. ಸ್ಕ್ರೂಡ್ರೈವರಿನಂತೆ ತುದಿ ಚಪ್ಪಟೆ ಮಾಡಿದ ಕಡ್ಡಿ. ತಿರುಗಿಸಿದಳು. 'ಟಿಕ್' ಎಂದು ಅದರ ತುದಿ ಮುರಿಯಿತು.

ಅವಳು ಮುರಿದ ತುದಿಯನ್ನು ಅಂಗೈಯಲ್ಲಿಟ್ಟು ನೋಡಿದಳು.

"ಎಂತ ಆಯ್ತು?" ಡೊಂಬಯ್ಯನವರು ಕೇಳಿದರು. ಹೇಳಲು ಇದೇ ಸಮಯ ಅನ್ನಿಸಿ ಎದ್ದೂ ಬಂದರು.

"ಸಿಕ್ಕಿಕೊಂಡಿದೆ ಡೊಂಬಯ್ಯಣ್ಣ. ಸೋಮವಾರ ತಿರುಗಿಸುವಾಗ ಬೆಣ್ಣೆಯ ಹಾಗೆ ಹೋಗ್ತಿತ್ತು."

"ಎಂತ ಅದು, ಡಬ್ಬಿ ಮುಚ್ಚುವ ಸ್ಕ್ರೂವಾ?"

"ಸ್ಕ್ರೂ ಅಲ್ಲ ಅದು. ನೋಡ್ಲಿಕ್ಕೆ ಮಾತ್ರ ಸ್ಕ್ರೂ." ಅವಳು ಬೆರಳುಗಳಿಂದ ಗಾಳಿಯಲ್ಲಿ ಒಂದು ಸುರುಳಿ ಮಾಡಿ, ಅದರ ನಡುವೆ ಇನ್ನೊಂದು ಬೆರಳು ಇಳಿಸಿ ತೋರಿಸಿದಳು. "ಕಾಯಿಲಿನ ನಡುವೆ ಮೇಲೆ ಕೆಳಗೆ ಹೋಗುವ ಕಪ್ಪು ತಿರುಳು. ಅದು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತ್ರೆ ಸ್ಟೇಷನ್ ಸಿಕ್ಕುದು. ಕಾಲು ಸುತ್ತು ಆಚೆ ಈಚೆ ಆದ್ರೆ ಸ್ವರ ಕುಗ್ತದೆ. ಬಿಗಿ ಮಾಡಲಿಕ್ಕೆ ಇರುದೇ ಅಲ್ಲ."

ಡೊಂಬಯ್ಯನವರ ಕಣ್ಣು ಬುಧವಾರ ತಾವೇ ಇಟ್ಟ ಗೊಂಡೆ ಹೂವಿನ ಕಡೆಗೆ ಹೋಯಿತು.

"ಜಾರಿ ಇಳಿದದ್ದು ಇರಬೇಕು" ಅವಳು ತನ್ನಷ್ಟಕ್ಕೇ ಹೇಳಿಕೊಂಡಳು. "ಶೀಟಿನ ಬಿಸಿಗೆ. ಸರಿ ಮಾಡಿದ ಮೇಲೆ ಮೇಣ ಬಿಟ್ಟು ಮುಚ್ಚಬೇಕಿತ್ತು, ನಾನೇ ಬಿಡಲಿಲ್ಲ. ಆರೂ ಹೇಗೆ ಒಟ್ಟಿಗೇ ಇಳೀತಪ್ಪ?"

"ಯಾರಾದ್ರೂ..." ಎಂದರು ಡೊಂಬಯ್ಯನವರು.

"ಇಲ್ಲಿ ಯಾರು ಮುಟ್ಟುತ್ತಾರೆ? ನಿಮ್ಮ ಶೆಡ್ಡು." ಅವಳು ಒಂದಿಷ್ಟೂ ಅನುಮಾನವಿಲ್ಲದೆ ಅಂದಳು.

ಅವರು ಕಾರ್ಬೊರೇಟರಿಗೆ ಮರಳಿದರು. ಅಂಗೈಯಗಲದ ಆ ವಸ್ತುವನ್ನು ಕಣ್ಣುಮುಚ್ಚಿ ಜೋಡಿಸಬಲ್ಲವರು ಅಂದು ಮೂರು ಸಲ ಜೋಡಿಸಿದರು. ಮೂರು ಸಲವೂ ಒಂದು ವಾಷರ್ ಪೇಪರಿನ ಮೇಲೆ ಉಳಿಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಶೀಲಾವತಿ ಅವರ ಬಟ್ಟಲನ್ನೇ ನೋಡಿದಳು. ಮನೆಯೊಳಗೆ ಅವರದ್ದು ಸುಳ್ಯ ಕಡೆಯ ಅರೆಭಾಷೆ; ಹುಡುಗಿಗೆ 'ಗೂಡೆ', ಉಂಟು ಎನ್ನಲು 'ಉಟ್ಟು'.

"ಎಂತ ಆತ್ ನಿಮ್ಗೆ?"

"ಎಂತ ಇಲ್ಲೆ."

"ಇಲ್ಲೆ ಅಂದ್ರೆ ಉಟ್ಟು ಅಂತ ಲೆಕ್ಕ." ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ಬಡಿಸುತ್ತಾ ಆಸ್ಯಮ್ಮ ಬೇಲಿಯ ಹತ್ತಿರ ಹೇಳಿದ ಸುದ್ದಿ ಹೇಳಿದಳು. ರುಕಿಯಾಳ ಸೋದರಮಾವ ಪುತ್ತೂರಿನ ಒಂದು ಬಟ್ಟೆಯಂಗಡಿಯಲ್ಲಿ ಅವಳಿಗೆ ಕೆಲಸ ನೋಡಿದ್ದಾನೆ. ಬಿಲ್ಲಿನ ಕೌಂಟರು. ಮೈಕು ಹಿಡಿದು ಟೋಕನ್ ನಂಬರು ಕೂಗುವುದೂ ಅವಳೇ. ಸೋಮವಾರ ಹೂಂ ಅನ್ನಬೇಕು. ರುಕಿಯಾ ತಾಯಿಯ ಹತ್ತಿರ ಒಂದು ಮಾತು ಕೇಳಿಕೊಂಡಿದ್ದಾಳಂತೆ: ಆದಿತ್ಯವಾರದವರೆಗೆ ಕಾಯಿರಿ ಉಮ್ಮ, ರೇಡಿಯೋ ಹಾಡಿದರೆ ರಾಯರ ಹತ್ತಿರ ಇನ್ನೂ ನಾಲ್ಕು ಹಳೆಯವು ಇವೆ, ಅವರ ಗುರ್ತದವರದ್ದೂ ಬರುತ್ತವೆ, ಇದೇ ನನ್ನ ಕೆಲಸ ಆಗುತ್ತದೆ. ಹಾಡದಿದ್ದರೆ ನೀವು ಹೇಳಿದ ಹಾಗೆ.

"ಆ ಗೂಡೆ ಮೈಕ್‌ಲಿ ಕೂಗುವ ಗೂಡೆನಾ?" ಶೀಲಾವತಿ ಕೇಳಿದಳು. "ನನ್ನ ಹತ್ರ ಉಪ್ಪು ಕೇಳಿಕೇ ನಾಚಿಕೆ ಅದಿಕ್ಕೆ."

ಡೊಂಬಯ್ಯನವರು ಕೈ ತೊಳೆಯಲು ಎದ್ದರು. ಅವರ ಹಿಂದಿನಿಂದಲೇ ಮಾತು ಬಂತು. ಬುಧವಾರ ಪೂಜೆಗೆ ಹೂವಿಡುವಾಗ ನಿಮ್ಮ ಕೈಯಲ್ಲಿ ಸ್ಕ್ರೂಡ್ರೈವರ್ ಯಾಕಿತ್ತು ಎಂದು ಅವಳು ಅವತ್ತೂ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. "ನಂಗೆ ಗೊತ್ತುಟ್ಟು" ಎಂದಳು ಅಷ್ಟೇ.

ಶನಿವಾರ ರುಕಿಯಾ ಹತ್ತು ಗಂಟೆಗೆ ಬಂದಳು. ಕಣ್ಣು ಊದಿತ್ತು. ಹೊಸ ಕಡ್ಡಿ ಕೆತ್ತಿ ತಂದಿದ್ದಳು, ಅದೂ ಮುರಿಯಿತು. ಜೋರು ಹಾಕಲು ಹೆದರಿಕೆ; ತಿರುಳು ಒಡೆದರೆ ಅಂಥದ್ದು ಇನ್ನೆಲ್ಲೂ ಸಿಕ್ಕುವುದಿಲ್ಲ. ಹನ್ನೆರಡೂವರೆಗೆ ಅವಳು ಸೋಲ್ಡರಿಂಗ್ ಕಡ್ಡಿಯ ಪ್ಲಗ್ಗು ಕಿತ್ತು, ವಯರನ್ನು ನೀಟಾಗಿ ಸುತ್ತಿಟ್ಟಳು. ಬಾಗಿಲ ಹತ್ತಿರ ಹೋಗಿ ನಿಂತಳು.

"ಡೊಂಬಯ್ಯಣ್ಣ, ನೀವೊಂದು ರಾಯರಿಗೆ ಫೋನ್ ಮಾಡ್ತೀರಾ? ನಂಗೆ ಹೇಳ್ಲಿಕ್ಕೆ ಬರುದಿಲ್ಲ. ಆಗ್ಲಿಲ್ಲ ಹೇಳಿ. ಪೆಟ್ಟಿಗೆಗೆ ಪಾಲಿಶ್ ಆಗಿದೆ, ಚಂದಕ್ಕೆ ಇಟ್ಟುಕೊಳ್ಳಬಹುದು."

ಅವಳು ಉತ್ತರಕ್ಕೆ ಕಾಯದೆ ಹೋದಳು.

ಡೊಂಬಯ್ಯನವರು ಫೋನು ತೆಗೆದರು, ಇಟ್ಟರು. ಎದ್ದು ಅವಳ ಮೇಜಿನ ಹತ್ತಿರ ಹೋದರು. ನೋಟ್‌ಬುಕ್ಕು ತೆರೆದೇ ಇತ್ತು. ಅವಳು ದಿನಾ ಮಾಡಿದ ಕೆಲಸವನ್ನೆಲ್ಲ ಅದರಲ್ಲಿ ಸಣ್ಣ ದುಂಡು ಅಕ್ಷರದಲ್ಲಿ ಬರೆದಿಡುವುದನ್ನು ಅವರು ಕಂಡಿದ್ದರು. ಕೊನೆಯ ಪುಟದ ಮೇಲೆ 'ನಾನು ಎಲ್ಲಿ ತಪ್ಪಿದೆ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಮೇಣ ಹಾಕಲಿಲ್ಲ. ಶೀಟಿನ ಅಡಿ ಬಿಸಿಲಿಗೆ ಬಿಟ್ಟೆ. ಸೋಮವಾರ ಅವಸರ ಮಾಡಿದೆ. ಸಂತೋಷ ಪಟ್ಟದ್ದು ಬೇಗವಾಯಿತು. ಕೊನೆಯ ಸಾಲನ್ನು ಹೊಡೆದು ಹಾಕಿದ್ದಳು. ಆದರೂ ಓದಲು ಬರುತ್ತಿತ್ತು.

ಡಿಪೋದಲ್ಲಿ ಒಂದು ದೊಡ್ಡ ಪುಸ್ತಕವಿತ್ತು. ಯಾವ ಗಾಡಿಯ ಯಾವ ಭಾಗವನ್ನು ಯಾರು ಮುಟ್ಟಿದರು ಎಂದು ಅದರಲ್ಲಿ ಬರೆದು ಸಹಿ ಹಾಕದೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಮೂವತ್ತಮೂರು ವರ್ಷದಲ್ಲಿ ಡೊಂಬಯ್ಯನವರು ಒಂದು ದಿನವೂ ಸಹಿ ತಪ್ಪಿಸಿದ್ದಿಲ್ಲ. ಅವರು ಸ್ಟೂಲು ಎಳೆದು ಕೂತರು. ಅಂಗಿಯ ಜೇಬಿನ ಪೆನ್ನು ತೆಗೆದು, ಬೆರಳಿನ ಗ್ರೀಸು ಪುಟಕ್ಕೆ ತಾಗದ ಹಾಗೆ ಅಂಗೈಯ ಕೆಳಗೆ ಪೇಪರು ಇಟ್ಟುಕೊಂಡು ಬರೆದರು:

'ದಿನಾಂಕ: ಆಯುಧ ಪೂಜೆ, ಬುಧವಾರ. ವೇಳೆ: ಬೆಳಿಗ್ಗೆ ಸುಮಾರು ಹತ್ತೂವರೆ. ಗಾಡಿ: ರೇಡಿಯೋ. ಮಾಡಿದ ಕೆಲಸ: ಡಬ್ಬಿಗಳ ಮೇಲೆ ಎರಡು, ಕೆಳಗೆ ಎರಡು, ಬದಿಯಲ್ಲಿ ಎರಡು, ಒಟ್ಟು ಆರು ಸ್ಕ್ರೂ ಸಡಿಲ ಕಂಡುಬಂದ ಪ್ರಯುಕ್ತ ಪೂರ್ತಿ ಬಿಗಿ ಮಾಡಲಾಗಿದೆ. ಕೇಳದೆ ಮಾಡಲಾಗಿದೆ. ರುಕಿಯಾಳ ಕಡೆಯಿಂದ ಯಾವ ತಪ್ಪೂ ಇರುವುದಿಲ್ಲ. ಮಾಡಿದವರು: ಡೊಂಬಯ್ಯ ಗೌಡ, ಮೆಕ್ಯಾನಿಕ್, ನಿವೃತ್ತ.'

ಸಹಿ ಹಾಕಿದರು. ಮನೆಯೊಳಗೆ ಹೋಗಿ, "ಆ ಗೂಡೆಗೆ ಶೆಡ್ಡಿಗೆ ಬರಿಕೆ ಹೇಳ್" ಎಂದು ಶೀಲಾವತಿಗೆ ಹೇಳಿದರು. ಶೀಲಾವತಿ ಬೇಲಿಯ ಕಡೆ ಹೋದಳು.

ಎರಡು ಗಂಟೆಗೆ ರುಕಿಯಾ ಬಂದಾಗ ಡೊಂಬಯ್ಯನವರು ಹುಲ್ಲಿನ ಯಂತ್ರದ ಹಿಂದೆ ಬಗ್ಗಿದ್ದರು. ಅದರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಅವಳ ಚಪ್ಪಲಿಯ ಸದ್ದು ಮೇಜಿನ ತನಕ ಹೋಯಿತು, ನಿಂತಿತು. ಪುಟ ಮಗುಚಿದ ಸದ್ದು. ಮತ್ತೆ ಹಿಂದಕ್ಕೆ ಮಗುಚಿದ ಸದ್ದು. ವಿಟ್ಲದ ಬಸ್ಸೊಂದು ರಸ್ತೆಯಲ್ಲಿ ಗೇರು ಬದಲಿಸಿಕೊಂಡು ಹೋಯಿತು. ಅದರ ಕ್ಲಚ್ಚು ಸರಿಯಿಲ್ಲ ಎಂದು ಅಷ್ಟರ ನಡುವೆಯೂ ಅವರಿಗೆ ಹೊಳೆಯಿತು.

ಮೇಜಿನ ಕಡೆಯಿಂದ ಮೂಗಿನಲ್ಲಿ ಗಾಳಿ ಸಿಕ್ಕಿಕೊಂಡಂಥ ಒಂದು ಸದ್ದು ಬಂತು. ಅಳುತ್ತಿದ್ದಾಳೆ ಎಂದು ಅವರು ಎದ್ದು ನೋಡಿದರು. ರುಕಿಯಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಳು.

"ಗಾಡಿ, ರೇಡಿಯೋ" ಎಂದಳು, ಬಟ್ಟೆಯ ಮರೆಯಿಂದ.

"ಅದು... ಪುಸ್ತಕದಲ್ಲಿ ಹಾಗೆಯೇ ಬರೆಯುದು ನಾವು."

"ನಾನು ನಿನ್ನೆ ರಾತ್ರಿ ಇಡೀ ಮೇಣದ ಬಗ್ಗೆ ಯೋಚನೆ ಮಾಡಿದ್ದು ಡೊಂಬಯ್ಯಣ್ಣ!"

"ಬೈಯುದಾದ್ರೆ ಬೈದು ಬಿಡು ಮಗಾ. ಶೀಲಾವತಿ ಬೈಯುವ ಮೊದಲು."

ಅವಳು ಬೈಯಲಿಲ್ಲ. ನಗು ನಿಂತ ಮೇಲೆ ಆ ಪುಟವನ್ನು ಇನ್ನೊಮ್ಮೆ ಓದಿದಳು. ಅವಳ ಮುಖದಲ್ಲಿ ಒಂದು ಸಿಟ್ಟೂ ಹಾದು ಹೋಯಿತು. ಡೊಂಬಯ್ಯನವರು ಅದನ್ನು ಕಂಡು, ಬರಬೇಕಾದದ್ದೇ ಎಂದು ನಿಂತುಕೊಂಡರು. ಅದು ಹೋದ ಮೇಲೆ ಅವಳು ಕೇಳಿದಳು: "ಎಷ್ಟು ಸುತ್ತು ಹೋಯ್ತು? ನೆನಪುಂಟಾ?"

ಅದೊಂದು ಅವರನ್ನು ಕೇಳಬೇಕಾದ ಪ್ರಶ್ನೆ. ಅವರು ಕಣ್ಣು ಮುಚ್ಚಿ ಬಲಗೈ ಮುಂದೆ ಚಾಚಿದರು. ಇಲ್ಲದ ಸ್ಕ್ರೂಡ್ರೈವರನ್ನು ಹಿಡಿದು ಮಣಿಕಟ್ಟನ್ನು ತಿರುಗಿಸಿದರು. "ಮೇಲಿನದ್ದು, ಎಡದ ಡಬ್ಬಿ, ಒಂದೂಕಾಲು. ಬಲದ್ದು ಎರಡಕ್ಕೆ ಚೂರು ಕಡಿಮೆ. ಕೆಳಗಿನವು ಒಂದೂವರೆ, ಒಂದೂವರೆ. ಬದಿಯ ಸಣ್ಣವು ಅರ್ಧರ್ಧ ಸುತ್ತು, ಅಷ್ಟೇ." ಅವಳು ಅವರ ಸಹಿಯ ಕೆಳಗೆ ಎಲ್ಲವನ್ನೂ ಬರೆದುಕೊಂಡಳು.

ಆಮೇಲೆ ಶೆಡ್ಡಿನಲ್ಲಿ ಮೂರು ತಿಂಗಳಲ್ಲಿ ಆಡದಷ್ಟು ಮಾತು ಆಯಿತು. ಸಿಕ್ಕಿಕೊಂಡ ತಿರುಳನ್ನು ಬಿಡಿಸುವುದು ಹೇಗೆ? ಕಬ್ಬಿಣ ಬೇಡ, ಅವಳೇ ಹೇಳಿದಳು, ಕಬ್ಬಿಣ ಹತ್ತಿರ ಬಂದರೆ ಕಾಯಿಲು ಬೇರೆಯೇ ಸ್ವರ ಹೇಳುತ್ತದೆ. ಅದಕ್ಕೇ ಈ ಅಡಿಕೆ ಕಡ್ಡಿ. ಡೊಂಬಯ್ಯನವರು ಮಾಡಿನ ಕೆಳಗೆ ಉಳಿದಿದ್ದ ಹಳೆಯ ಅಡಿಕೆ ಮರದ ಪಟ್ಟಿ, ರೀಪು, ಎಳೆದು, ಅದರ ಕಪ್ಪು ಗಟ್ಟಿ ಭಾಗವನ್ನೇ ನೋಡಿ ಸೀಳಿ, ಅರದಲ್ಲಿ ಉಜ್ಜಿ ಒಂದು ಕಡ್ಡಿ ಮಾಡಿದರು. "ನಿಂದು ಮೆದು ಭಾಗ. ಪಲ್ಯಕ್ಕೆ ಹಾಕ್ಲಿಕ್ಕೆ ಆಗ್ತದೆ" ಎಂದರು. "ಇನ್ನು ಜೋರು ಹಾಕುದಲ್ಲ. ಕಾಯುದು. ತುಕ್ಕು ಹಿಡಿದ ಬೋಲ್ಟಿನ ಹತ್ರ ಜಗಳ ಮಾಡಿ ಗೆದ್ದವ ಇಲ್ಲ." ಮನೆಯಿಂದ ಶೀಲಾವತಿಯ ಮಂಡಿನೋವಿಗೆ ಒತ್ತುವ, ಬಿಸಿ ಉಪ್ಪು ಕಟ್ಟಿದ ಬಟ್ಟೆಯ ಕಿಳಿ ಬಂತು. ಕರೆಂಟಿನ ಪ್ಲಗ್ಗು ಕಿತ್ತಿಟ್ಟು, ಡಬ್ಬಿಗೆ ಅದನ್ನು ಮಗುವಿನ ಹೊಟ್ಟೆಗೆ ಒತ್ತಿದ ಹಾಗೆ ಒತ್ತಿ ಹಿಡಿದು ಕೂತರು.

"ನನ್ನ ಮಂಡಿಗೆ ಇಷ್ಟು ಪ್ರೀತಿಯಲ್ಲಿ ಹಿಡಿದದ್ದು ಕಾಣೆ" ಎಂದಳು ಬಾಗಿಲಲ್ಲಿ ನಿಂತಿದ್ದ ಶೀಲಾವತಿ, ರುಕಿಯಾಳಿಗೂ ತಿಳಿಯಲೆಂದು ಕನ್ನಡದಲ್ಲೇ.

ಕಿಳಿ ಎರಡು ಸಲ ಬಿಸಿಯಾಗಿ ಬಂದ ಮೇಲೆ ಅವರು ಕಡ್ಡಿಯನ್ನು ಇಳಿಸಿದರು. ಉಸಿರು ಹಿಡಿದರು. ಮಣಿಕಟ್ಟು ಅಲುಗಿದ್ದು ಕಾಣಲೇ ಇಲ್ಲ. ಕಡ್ಡಿಯ ಮೇಲಿನ ತುದಿ ಮಾತ್ರ ಗಡಿಯಾರದ ಮುಳ್ಳಿನಂತೆ ಸರಿಯಿತು. "ಬಂತು" ಎಂದರು. ಡಬ್ಬಿಗಳ ಉಳಿದ ಮೂರನ್ನೂ ಹಾಗೆಯೇ ಕಾಯಿಸಿ ಬಿಡಿಸಿ, ಕಡ್ಡಿಯನ್ನು ಅವಳ ಕೈಗೆ ಕೊಟ್ಟರು. "ಇನ್ನು ನೀನು. ನಾನು ಮುಟ್ಟುದಿಲ್ಲ."

ಅವರು ಹೇಳಿದಷ್ಟೇ ಸುತ್ತು ರುಕಿಯಾ ಆರನ್ನೂ ಹಿಂದಕ್ಕೆ ತಂದಳು. ಒಂದು ಕಾಲೇಜಿನ ಪ್ರಯೋಗಶಾಲೆಯ ಹಳೆ ಸಾಮಾನಿನೊಂದಿಗೆ ಗುಜರಿಗೆ ಬಂದಿದ್ದ ಸಿಗ್ನಲ್ ಜನರೇಟರನ್ನು ಹೊತ್ತಿಸಿದಳು. ಬಾನುಲಿ ಕೇಂದ್ರ ಕಳಿಸುವಂಥದ್ದೇ ಅಲೆಯನ್ನು ಮೇಜಿನ ಮೇಲೆಯೇ ಹುಟ್ಟಿಸುವ ಪೆಟ್ಟಿಗೆ ಅದು. ಅದರ ಅಂಕೆಗಳನ್ನು ಪೂರ್ತಿ ನಂಬುವಂತಿರಲಿಲ್ಲ, ಅವಳು ಮಂಗಳೂರು ಆಕಾಶವಾಣಿಯೊಂದಿಗೆ ತಾಳೆ ನೋಡಿ ಪಕ್ಕದಲ್ಲಿ ಕಾಗದದ ಪಟ್ಟಿ ಅಂಟಿಸಿಕೊಂಡಿದ್ದಳು. ಮುಳ್ಳಿನ ಮೀಟರನ್ನು ಸ್ಪೀಕರಿನ ಎರಡು ತುದಿಗೆ ಸಿಕ್ಕಿಸಿದಳು. ಸ್ಪೀಕರಿನಿಂದ ದೂರದ ಸೊಳ್ಳೆಯಂಥ 'ಕುಂಯ್' ಕೇಳಿತು.

"ಕಿವಿಯನ್ನು ನಂಬಬಾರದು" ಎಂದಳು. "ಕಿವಿಗೆ ಎಲ್ಲ ಒಂದೇ ಅನ್ನಿಸ್ತದೆ. ಮುಳ್ಳು ನೋಡಿ ಹೇಳಿ. ಏರಿದ್ರೆ ಏರಿತು, ಇಳಿದ್ರೆ ಇಳೀತು."

"ಏರಿತು... ಏರಿತು... ಇನ್ನೂ ಏರಿತು... ಇಳೀತು."

"ಹಿಂದೆ ಬರ್ತೇನೆ."

"ಏರಿತು. ನಿಲ್ಲು. ಅಲ್ಲೇ ನಿಲ್ಲು."

ಸ್ವರ ಜೋರಾದ ಹಾಗೆ ಅವಳು ಜನರೇಟರನ್ನು ಕುಗ್ಗಿಸಿದಳು. ಕುಗ್ಗಿಸಿದ ಸ್ವರವನ್ನು ರೇಡಿಯೋ ಮತ್ತೆ ಹಿಡಿಯಿತು. ಕೊನೆಯ ಡಬ್ಬಿಯಿಂದ ಮೊದಲ ಡಬ್ಬಿಗೆ, ಮತ್ತೆ ಮೊದಲಿನಿಂದ ಕೊನೆಗೆ. ಎಡಗೈ ಬೆನ್ನ ಹಿಂದೆಯೇ ಇತ್ತು.

"ಒಂದು ಕೇಳ್ಲಾ? ಆ ಕೈ ಯಾಕೆ ಹಿಂದೆ?"

"ಇದರೊಳಗೆ ಇನ್ನೂರೈವತ್ತು ವೋಲ್ಟು ಉಂಟು. ಎರಡು ಕೈಯೂ ಒಳಗಿದ್ರೆ ಶಾಕು ಎದೆಯ ಮೂಲಕ ಹಾದು ಹೋಗ್ತದೆ. ಒಂದೇ ಕೈ ಆದ್ರೆ ಬದುಕಿಕೊಳ್ಳಬಹುದು."

"ಹೌದಾ! ನಾನು ನಾಚಿಕೆ ಅಂತ ಗ್ರಹಿಸಿದ್ದು ಮಾರಾಯ್ತಿ, ಇಷ್ಟು ದಿನ."

"ನಾಚಿಕೆಯೂ ಉಂಟು" ಎಂದಳು ರುಕಿಯಾ, ಮುಳ್ಳಿನಿಂದ ಕಣ್ಣು ತೆಗೆಯದೆ.

ಬದಿಯ ಸಣ್ಣ ಸ್ಕ್ರೂಗಳಿಗೆ ಬರುವಷ್ಟರಲ್ಲಿ ಬಾನು ಕಪ್ಪಾಗಿ ಗುಡುಗಿತು, ಕರೆಂಟು ಹೋಯಿತು. ವಾಲ್ವುಗಳ ಕೆಂಡ ನಿಧಾನಕ್ಕೆ ಆರಿತು. ಶೀಟಿನ ಮೇಲೆ ದಪ್ಪ ಹನಿ ನಾಲ್ಕು ಬಿದ್ದು ನಿಂತವು. ಶೀಲಾವತಿ ಚಹಾ ತಂದಿಟ್ಟು ಹೋದಳು. ಇಬ್ಬರೂ ಬಾಗಿಲ ಬೆಳಕಿಗೆ ಸ್ಟೂಲು ಎಳೆದುಕೊಂಡು ಕುಡಿದರು.

"ಆ ಅಂಗಡಿ ಕೆಲಸ..." ಡೊಂಬಯ್ಯನವರು ಸುರು ಮಾಡಿದರು.

"ನಿನ್ನೆ ಕನ್ನಡಿ ಎದುರು ನಿಂತು ಅಭ್ಯಾಸ ಮಾಡಿದೆ. ಟೋಕನ್ ನಂಬರ್ ಹದಿನೇಳು. ಹದಿನೇಳು ಹೇಳುವಾಗ ಸ್ವರವೇ ಹೋಯ್ತು." ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡಿದಳು. "ಇಲ್ಲಿ ಕೂತರೆ ನಂಗೆ ಎಂತದೂ ಹೇಳ್ಬೇಕು ಅಂತ ಇಲ್ಲ. ಅದು ತಾನೇ ಹೇಳ್ತದೆ. ನಾನು ಸರಿ ಮಾಡಿದ್ರೆ ಸಾಕು."

ಡೊಂಬಯ್ಯನವರಿಗೂ ಬಸ್ಸುಗಳ ಅಡಿಯಲ್ಲಿ ಮಲಗಿದ್ದಾಗ ಹಾಗೆಯೇ ಅನ್ನಿಸುತ್ತಿತ್ತು. ಅವರು ಚಹಾ ಮುಗಿಸಿ ಅವಳ ಲೋಟವನ್ನೂ ತೆಗೆದುಕೊಂಡು ಹೋಗಿ ತೊಳೆದಿಟ್ಟರು.

ನಾಲ್ಕೂವರೆಗೆ ಕರೆಂಟು ಬಂತು. ಅವಳು ಜನರೇಟರಿನಲ್ಲಿ ಸಾವಿರದ ನಾನೂರು ಕಿಲೋಹರ್ಟ್ಸ್ ಇಟ್ಟಳು, ರೇಡಿಯೋದ ಮುಳ್ಳನ್ನೂ ಅದೇ ಅಂಕೆಗೆ ತಂದಳು. "ಏರಿತು" ಎಂದರು ಡೊಂಬಯ್ಯನವರು. ಆರುನೂರಕ್ಕೆ ಇಳಿಸಿ ನೋಡಿದಳು, ಮತ್ತೆ ಮೇಲಕ್ಕೆ ಹೋದಳು. ಮೇಲೆ ಸರಿ ಮಾಡಿದರೆ ಕೆಳಗೆ ಚೂರು ತಪ್ಪುತ್ತಿತ್ತು, ಕೆಳಗಿನದ್ದನ್ನು ನೋಡಿ ಬಂದರೆ ಮೇಲೆ. ನಾಲ್ಕು ಸಲ ಹೋಗಿ ಬಂದಳು. ಐದನೆಯ ಸಲ ಎರಡೂ ಕಡೆ ಮೀಟರಿನ ಮುಳ್ಳು ಅಲುಗಲಿಲ್ಲ. ಅವಳು ಜನರೇಟರನ್ನು ಆರಿಸಿದಳು. 'ಕುಂಯ್' ನಿಂತ ಮೌನದಲ್ಲಿ ಗುಂಡಿಯನ್ನು ಎಡದಿಂದ ಬಲಕ್ಕೆ ಮೆಲ್ಲನೆ ತಿರುಗಿಸಿದಳು.

ಮೊದಲು ಮಲಯಾಳ ಬಂತು, ಯಾರೋ ಒಬ್ಬಾಕೆ ಏನನ್ನೋ ಸಮಾಧಾನದಲ್ಲಿ ವಿವರಿಸುತ್ತಿದ್ದಳು. ಅದನ್ನು ದಾಟಿ, ಗುಡುಗಿನ ಒಂದು ಕರಕರ ದಾಟಿ, ಮಂಗಳೂರು ಬಂತು. ಒಬ್ಬ ಮನುಷ್ಯ ತೆಂಗಿನ ಗಿಡಕ್ಕೆ ಎಷ್ಟು ಉಪ್ಪು ಹಾಕಬೇಕೆಂದು ಹೇಳುತ್ತಿದ್ದ. ಅವನು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ರುಕಿಯಾ ಕೈ ತೆಗೆದಳು. ಇಬ್ಬರೂ ಆ ಉಪ್ಪಿನ ವಿಷಯವನ್ನು ಕೊನೆಯ ತನಕ ಕೇಳಿದರು. ಡೊಂಬಯ್ಯನವರು ಮೇಜಿಗೆ ಬಗ್ಗಿ ನಿಂತಿದ್ದರು. ಅವರ ಎಡಗೈ ಯಾವಾಗಲೋ ಬೆನ್ನ ಹಿಂದೆ ಹೋಗಿತ್ತು.

ಅವಳು ಮೇಣದ ಬತ್ತಿ ಹಚ್ಚಿ ಆರು ಸ್ಕ್ರೂಗಳ ಮೇಲೂ ಒಂದೊಂದು ಹನಿ ಬಿಟ್ಟಳು. "ಇನ್ನು ಮುಂದಿನ ಆಯುಧ ಪೂಜೆಗೂ ಹೆದರಿಕೆ ಇಲ್ಲ" ಎಂದಳು.

ಆದಿತ್ಯವಾರ ಬೆಳಿಗ್ಗೆ ರಾಧಾಕೃಷ್ಣ ರಾಯರು ಕಾರಿನಲ್ಲಿ ಬಂದರು. ದೊಡ್ಡ ಮನುಷ್ಯ, ದೊಡ್ಡ ಮಾತು. ಪೆಟ್ಟಿಗೆಯೊಳಗೆ ಕೂತ ರೇಡಿಯೋವನ್ನು ಕಂಡು "ಇದು ನಮ್ಮದೇಯಾ ಮಾರಾಯ್ರೆ, ನಮ್ಮದರ ಅಣ್ಣನಾ?" ಎಂದು ನಕ್ಕರು. ಹಾಕಿ ಕೇಳಿಸಿದ ಮೇಲೆ ನಗು ನಿಂತಿತು. ಸ್ಟೂಲಿನಲ್ಲಿ ಕೂತರು. ಅಪ್ಪ ಬನ್ಸಿನ ಹಿಟ್ಟು ಕಲಸುವಾಗ ಇದನ್ನೇ ಕೇಳುತ್ತಿದ್ದದ್ದು ಎಂದರು, ಇದೇ ಸ್ವರ, ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಶುಕ್ರವಾರ ಫೋನಲ್ಲಿ ಕೇಳಿದ್ರೆ ನಿಮ್ಮ ಉಮ್ಮ ಎಂತದೋ ಪ್ರಾಬ್ಲಮ್ ಉಂಟು ಹೇಳಿದ್ರಲ್ಲ. ಎಂತ ಆಗಿತ್ತು ಇದಕ್ಕೆ?"

ಪ್ರಶ್ನೆ ರುಕಿಯಾಳಿಗೆ. ಅಂಥ ಪ್ರಶ್ನೆಗಳಿಗೆ ಅವಳ ಪರವಾಗಿ ಡೊಂಬಯ್ಯನವರೇ ಉತ್ತರಿಸುವುದು ವಾಡಿಕೆ. ಇವತ್ತು ಅವರು ಹಲಗೆಯ ಮೇಲಿನ ಸ್ಪ್ಯಾನರುಗಳನ್ನು ನೋಡಿದರು.

"ಸ್ವಲ್ಪ ಬಿಗಿ ಆಗಿತ್ತು" ಎಂದಳು ರುಕಿಯಾ. ಸ್ವರ ಸಣ್ಣದೇ, ಆದರೆ ರಾಯರಿಗೆ ಕೇಳುವಷ್ಟು ಇತ್ತು. "ಈಗ ಸರಿ ಆಯ್ತು. ಉಳಿದ ನಾಲ್ಕನ್ನೂ ತಂದು ಕೊಡಿ, ಒಂದೊಂದೇ. ತರುವ ಮೊದಲು ಯಾರೂ ಬಿಚ್ಚುದು ಬೇಡ."

"ಯಾರು ಬಿಚ್ಚುತ್ತಾರೆ ಮಾರಾಯ್ತಿ!" ರಾಯರು ಎದ್ದರು. "ಮುಂದಿನ ವಾರವೇ ತರ್ತೇನೆ."

ಡೊಂಬಯ್ಯನವರಿಗೆ ಕೆಮ್ಮು ಬಂತು. ಶೀಲಾವತಿ ಒಳಗಿನಿಂದ ನೀರು ತಂದು ಕೊಟ್ಟಳು, ಕೊಡುವಾಗ ಅವರ ಮುಖ ನೋಡಲಿಲ್ಲ.

ಸೋಮವಾರ ಒಂಬತ್ತು ಗಂಟೆಗೆ ಡೊಂಬಯ್ಯನವರು ಶೆಡ್ಡಿನ ಬಾಗಿಲು ತೆಗೆದು, ರಸ್ತೆಯ ಕಡೆಗೊಮ್ಮೆ ಬೇಲಿಯ ಕಡೆಗೊಮ್ಮೆ ನೋಡುತ್ತಾ ನಿಂತರು. ಪುತ್ತೂರಿನ ಬಸ್ಸು ಬಂದು ಹೋಯಿತು. ಒಂಬತ್ತೂ ಐದಕ್ಕೆ ಬೇಲಿ ದಾಟುವ ಬಿದಿರಿನ ತಡಮೆ ಕಿರುಗುಟ್ಟಿತು. ರುಕಿಯಾ ಎಂದಿನಂತೆ ತಲೆ ತಗ್ಗಿಸಿಕೊಂಡು ಒಳಗೆ ಬಂದು ಖಾಲಿ ಮೇಜನ್ನು ಒರೆಸಿದಳು. ಕರಿಯ ಅಡಿಕೆ ಕಡ್ಡಿಯನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿ, ಹಲಗೆಯಲ್ಲಿ ಎರಡು ಸ್ಪ್ಯಾನರುಗಳ ನಡುವೆ ಉಳಿದಿದ್ದ ಒಂದು ಮೊಳೆಗೆ ನೂಲು ಕಟ್ಟಿ ನೇತುಹಾಕಿದಳು.

ಡೊಂಬಯ್ಯನವರು ಅದನ್ನು ಕಂಡರು. ಮೂಲೆಯಿಂದ ಬಿಳಿ ಪೇಂಟಿನ ಸಣ್ಣ ಡಬ್ಬಿ ಹುಡುಕಿ, ಗಟ್ಟಿಯಾದ ಕೆನೆಯನ್ನು ಒಡೆದು, ತೆಳ್ಳಗಿನ ಬ್ರಷ್ಷು ಅದ್ದಿದರು. ಕಡ್ಡಿಯನ್ನು ಒಂದು ಬೆರಳಿನಿಂದ ಹಲಗೆಗೆ ಒತ್ತಿ ಹಿಡಿದು ಅದರ ಸುತ್ತ, ಚಪ್ಪಟೆ ತುದಿಯನ್ನೂ ಬಿಡದೆ, ನಿಧಾನವಾಗಿ ಒಂದು ಗೆರೆ ಎಳೆದರು.